ನಾಯಿಮರಿಗೆ ಮಾರ್ನಿಂಗ್ ರನ್ ಬೇಡ ಗುರು

ಹಾಸ್ಟೆಲ್ ಹಿಂದಿನ ಬಾಡಿಗೆ ಮನೇಲಿದ್ದ ನಮ್ಮ ಸೀನಿಯರ್ಸ್ ಹೋದ ವರ್ಷ ಒಂದು ಲ್ಯಾಬ್ರಡಾರ್ ಮರಿ ತಂದ್ರು. ಹೆಸರು ಬೋಲ್ಟ್. ಅವರು ಇಟ್ಟಿದ್ದು ಉಸೇನ್ ಬೋಲ್ಟ್ ನೆನಪಿಗೆ. ಮೆಕ್ಯಾನಿಕಲ್‌ನವರು ಮಾತ್ರ ಅದು ನಟ್ಟು-ಬೋಲ್ಟಿನ ಬೋಲ್ಟೇ ಅಂತ ವಾದ ಮಾಡ್ತಿದ್ರು. ಐದು ತಿಂಗಳಾಗೋಷ್ಟರಲ್ಲಿ ಅದು ನಮ್ಮೆಲ್ಲರ ಮರಿ ಆಗಿಬಿಟ್ಟಿತ್ತು.

ನಾವು ನಾಲ್ಕು ಜನ ಬೆಳಿಗ್ಗೆ ಆರಕ್ಕೆ ಓಡೋಕೆ ಹೋಗ್ತಿದ್ವಿ. ಬೋಲ್ಟ್‌ಗೂ ಲೀಶ್ ಹಾಕಿ ಕರ್ಕೊಂಡು ಹೋಗೋಕೆ ಶುರು ಮಾಡಿದ್ವಿ. ಟಾರ್ ರೋಡಲ್ಲಿ ದಿನಾ ಮೂರು ಕಿಲೋಮೀಟರ್. ಬಾಲ ಅಲ್ಲಾಡಿಸ್ಕೊಂಡು ನಮ್ಮ ಜೊತೆಗೇ ಓಡ್ತಿತ್ತು. ಸ್ಟೇಟಸ್‌ಗೆ ವಿಡಿಯೋ ಹಾಕಿದ್ವಿ, ಲೈಕ್ ಬಂತು. ಮೂರನೇ ವಾರ ಒಂದು ದಿನ ಬೆಳಿಗ್ಗೆ ಅದು ಎದ್ದಾಗ ಎಡಗಡೆಯ ಮುಂಗಾಲನ್ನ ನೆಲಕ್ಕೆ ಊರಲೇ ಇಲ್ಲ.

ಪಶುವೈದ್ಯರು ಎಕ್ಸ್-ರೇ ತೆಗೆದ್ರು. ಮೂಳೆಯ ತುದೀಲಿ ಒಂದು ಕಪ್ಪು ಗೆರೆ ಕಾಣ್ತಿತ್ತು. ಮೂಳೆ ಮುರಿದಿದೆ ಅಂತ ನಾವು ಗಾಬರಿ ಆದ್ವಿ. ಅವರು, 'ಅದು ಮುರಿತ ಅಲ್ಲ, ಎಲ್ಲಾ ಮರಿಗಳಲ್ಲೂ ಇರೋದೇ. ಅಲ್ಲಿಂದಲೇ ಮೂಳೆ ಉದ್ದ ಬೆಳೆಯೋದು' ಅಂದ್ರು. ಅದಕ್ಕೆ ಗ್ರೋತ್ ಪ್ಲೇಟ್ ಅಂತಾರೆ. ಅದು ಮೃದ್ವಸ್ಥಿ, ಇನ್ನೂ ಮೂಳೆ ಆಗಿರೋದಿಲ್ಲ. ಬೆಳೆಯೋ ಮರಿಯ ಕಾಲಲ್ಲಿ ಎಲ್ಲಕ್ಕಿಂತ ದುರ್ಬಲವಾದ ಜಾಗ ಅದೇ. ದೊಡ್ಡ ನಾಯಿಗೆ ಕೀಲಿನ ಉಳುಕಲ್ಲಿ ಮುಗಿಯೋ ಪೆಟ್ಟು ಮರಿಯಲ್ಲಿ ಈ ಪ್ಲೇಟಿಗೇ ಬೀಳಬಹುದು. ಪ್ಲೇಟಿಗೆ ಜೋರಾಗಿ ಏಟಾದ್ರೆ ಕಾಲು ಸೊಟ್ಟಗೆ ಬೆಳೆಯಬಹುದು, ಗಿಡ್ಡ ಆಗಬಹುದು. ನಮ್ಮ ಅದೃಷ್ಟಕ್ಕೆ ಬೋಲ್ಟ್‌ಗೆ ಆಗಿದ್ದು ಬರೀ ಸ್ನಾಯು ಎಳೆತ. ಎರಡು ವಾರ ರೆಸ್ಟ್, ನೋವಿಗೆ ಔಷಧಿ. ಅಷ್ಟರಲ್ಲೇ ಮುಗೀತು.

ಇದನ್ನ ಬೇರೆ ಯಾರಿಗೂ ಅಲ್ಲ, ನಮಗೇ ಚೆನ್ನಾಗಿ ಅರ್ಥ ಆಗಬೇಕಿತ್ತು. ಕಾಂಕ್ರೀಟ್ ಹಾಕಿದ ಏಳನೇ ದಿನಕ್ಕೇ ಪೂರ್ತಿ ಲೋಡ್ ಕೊಡ್ತೀವಾ? ಅದರ ಶಕ್ತಿ ಅಳೆಯೋಕೆ 28 ದಿನ ಕಾಯ್ತೀವಿ. ಮೇಲಿಂದ ನೋಡೋಕೆ ಏಳನೇ ದಿನವೂ ಗಟ್ಟಿಯಾಗೇ ಇರುತ್ತೆ. ಮರಿ ಕಥೆಯೂ ಅಷ್ಟೇ. ಚಿಕ್ಕ ತಳಿಗಳಲ್ಲಿ ಹೆಚ್ಚಿನ ಗ್ರೋತ್ ಪ್ಲೇಟುಗಳು ಒಂದು ವರ್ಷದೊಳಗೆ ಮುಚ್ಚಿಕೊಳ್ತವೆ. ಲ್ಯಾಬ್, ಜರ್ಮನ್ ಶೆಫರ್ಡ್ ತರದ ದೊಡ್ಡ ತಳಿಗಳಿಗೆ 12ರಿಂದ 18 ತಿಂಗಳು ಬೇಕಾಗಬಹುದು. ಓಡೋಕೇ ಹುಟ್ಟಿದ್ದು ಅಂತ ನಾವು ಹೆಮ್ಮೆ ಪಡೋ ಮುಧೋಳ ನಾಯಿಗೂ ಮರಿಯಾಗಿದ್ದಾಗ ಇದೇ ಎಲುಬು.

'ಬೀದಿ ನಾಯಿಮರಿಗಳು ದಿನವಿಡೀ ಓಡ್ತವಲ್ಲ, ಅವಕ್ಕೇನಾಗಿದೆ?' ಅಂತ ರೂಮ್‌ಮೇಟ್ ಕೇಳಿದ. ನ್ಯಾಯವಾದ ಪ್ರಶ್ನೆನೇ. ಆದ್ರೆ ಅವನ್ನ ಸರಿಯಾಗಿ ಗಮನಿಸಿ. ಎರಡು ನಿಮಿಷ ಓಡ್ತವೆ, ಕಚ್ಚಾಡ್ತವೆ, ಮಣ್ಣಲ್ಲಿ ಉರುಳ್ತವೆ, ಆಮೇಲೆ ಕ್ಯಾಂಟೀನ್ ಮೆಟ್ಟಿಲ ಕೆಳಗೆ ಹೋಗಿ ಮಲಗ್ತವೆ. ಯಾವಾಗ ನಿಲ್ಲಿಸಬೇಕು ಅನ್ನೋದು ಅವುಗಳದ್ದೇ ತೀರ್ಮಾನ. ಬೋಲ್ಟ್‌ಗೆ ಆ ಸ್ವಾತಂತ್ರ್ಯ ಇರಲಿಲ್ಲ. ಲೀಶ್ ಕೈಯಲ್ಲಿ ಹಿಡಿದವನು ನಿಲ್ಲೋವರೆಗೂ ಅದು ಓಡಲೇಬೇಕು. ಲ್ಯಾಬ್ ಬೇರೆ, ನಮ್ಮನ್ನ ಖುಷಿಪಡಿಸೋಕೆ ಸುಸ್ತಾದ್ರೂ ಬರ್ತಾನೇ ಇರುತ್ತೆ.

ನಾರ್ವೆಯಲ್ಲಿ ನಾಲ್ಕು ದೊಡ್ಡ ತಳಿಗಳ 500 ಚಿಲ್ಲರೆ ಮರಿಗಳನ್ನ ಹುಟ್ಟಿದಾಗಿನಿಂದ ಗಮನಿಸಿ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಮೂರು ತಿಂಗಳೊಳಗೆ ಮೆಟ್ಟಿಲು ಹತ್ತಿಳಿಯುತ್ತಿದ್ದ ಮರಿಗಳಲ್ಲಿ ಸೊಂಟದ ಕೀಲಿನ ತೊಂದರೆ, ಅಂದ್ರೆ ಹಿಪ್ ಡಿಸ್ಪ್ಲಾಸಿಯಾ, ಹೆಚ್ಚು ಕಂಡಿತು. ಮೆತ್ತನೆ ನೆಲದ ಮೇಲೆ, ಸ್ವಲ್ಪ ಏರುತಗ್ಗಿರೋ ಬಯಲಲ್ಲಿ ಆಡಿಕೊಂಡಿದ್ದ ಮರಿಗಳಲ್ಲಿ ಕಡಿಮೆ ಇತ್ತು. ಅಂದ್ರೆ ಮರಿಯನ್ನ ಕಟ್ಟಿಹಾಕಿ ಅಂತ ಅರ್ಥ ಅಲ್ಲ. ವ್ಯಾಯಾಮ ಬೇಕೇ ಬೇಕು, ಆದ್ರೆ ಯಾವ ತರದ್ದು ಅನ್ನೋದು ಮುಖ್ಯ. ಈ ಕಾಯಿಲೆಗೆ ವಂಶವಾಹಿ, ಅತಿಯಾದ ತೂಕ ಕೂಡ ಕಾರಣ. ಹಾಗಾಗಿ ಮೆಸ್‌ನಲ್ಲಿ ಉಳಿದ ಪರೋಟ ಎಲ್ಲಾ ಮರಿಗೆ ಹಾಕೋದನ್ನೂ ನಿಲ್ಲಿಸಿ.

ತಿಂಗಳಿಗೆ ಐದು ನಿಮಿಷ ಅಂತ ಒಂದು ಲೆಕ್ಕ ಎಲ್ಲರ ಬಾಯಲ್ಲೂ ಇದೆ. ನಾಲ್ಕು ತಿಂಗಳ ಮರಿಗೆ ಒಂದು ಸಲಕ್ಕೆ 20 ನಿಮಿಷ ವಾಕಿಂಗ್. ಇದಕ್ಕೆ ಗಟ್ಟಿ ವೈಜ್ಞಾನಿಕ ಆಧಾರ ಇಲ್ಲ, ಬರೀ ಥಂಬ್ ರೂಲ್. ಆದ್ರೂ ಫ್ಯಾಕ್ಟರ್ ಆಫ್ ಸೇಫ್ಟಿ ತರ ಇಟ್ಕೊಳ್ಳಿ, ನಷ್ಟ ಏನಿಲ್ಲ. ಇದು ಲೀಶ್ ಹಾಕಿದ ನಡಿಗೆಗೆ ಮಾತ್ರ. ಹುಲ್ಲಲ್ಲಿ ತಾನಾಗೇ ಆಡೋ ಮರಿಗೆ ಸ್ಟಾಪ್‌ವಾಚ್ ಬೇಡ, ಅದು ಕೂತಾಗ ನೀವೂ ಕೂತ್ಕೊಳ್ಳಿ. ಬೈಕ್ ಹಿಂದೆ ಓಡಿಸೋದು, ಎತ್ತರದಿಂದ ಹಾರಿಸೋದು, ಗಂಟೆಗಟ್ಟಲೆ ಬಾಲ್ ಎಸೆಯೋದು ಬೇಡ. ನಾಯಿ ನಮ್ಮ ತರ ಮೈಯೆಲ್ಲಾ ಬೆವರೋದಿಲ್ಲ, ತೇಕಿಯೇ ಮೈ ತಣ್ಣಗೆ ಮಾಡ್ಕೋಬೇಕು. ಅದಕ್ಕೆ ಬಿಸಿಲಲ್ಲಿ ಬೇಡ. ಟಾರ್ ಮೇಲೆ ನಿಮ್ಮ ಅಂಗೈಯನ್ನ ಐದು ಸೆಕೆಂಡ್ ಇಡೋಕಾಗ್ಲಿಲ್ಲ ಅಂದ್ರೆ ಅದರ ಪಾದಕ್ಕೂ ಆಗಲ್ಲ. ಲಸಿಕೆಗಳು ಮುಗಿಯೋವರೆಗೂ ಬೇರೆ ನಾಯಿಗಳು ಓಡಾಡೋ ಜಾಗಕ್ಕೆ ಬಿಡಬೇಡಿ, ಪಾರ್ವೋ ಬಂದ್ರೆ ಮರಿ ಉಳಿಯೋದು ಕಷ್ಟ.

ನಮಗೆ ಬೋಲ್ಟ್ ಮೇಲೆ ಪ್ರೀತಿ ಕಡಿಮೆ ಇರಲಿಲ್ಲ. ನಮ್ಮ ಫಿಟ್‌ನೆಸ್ ಗುರಿಗೆ ಅದನ್ನೂ ಜೋಡಿಸಿದ್ವಿ, ಅದೇ ತಪ್ಪು. ಈಗ ಅದಕ್ಕೆ ಒಂದೂವರೆ ವರ್ಷ. ಸೀನಿಯರ್ ಒಬ್ಬರ ಊರಲ್ಲಿ, ತೋಟದಲ್ಲಿ ಓಡಾಡಿಕೊಂಡಿದೆ. ಈ ವರ್ಷ ಕ್ಯಾಂಪಸ್ಸಲ್ಲಿ ಇನ್ನೂ ಮೂರು ಮರಿಗಳಿವೆ. ನಿಮ್ಮ ಐದು ಕಿಲೋಮೀಟರನ್ನ ನೀವು ಓಡಿ. ವಾಪಸ್ ಬಂದ ಮೇಲೆ ಮರಿ ಜೊತೆ ಹತ್ತು ನಿಮಿಷ ಗ್ರೌಂಡಿನ ಹುಲ್ಲಲ್ಲಿ ಕೂತ್ಕೊಳ್ಳಿ. ಅದಕ್ಕೆ ಸದ್ಯಕ್ಕೆ ಅಷ್ಟು ಸಾಕು.