ನಾಯಿಯೊಡನೆ ನಡಿಗೆ

ಮುಧೋಳದ ಬೇಟೆನಾಯಿಯ ಕೀರ್ತಿ ದೊಡ್ಡದು. 2005ರಲ್ಲಿ ಭಾರತೀಯ ಅಂಚೆ ಇಲಾಖೆಯು ಅದರ ಚಿತ್ರವುಳ್ಳ ಅಂಚೆಚೀಟಿಯನ್ನೇ ಹೊರತಂದಿತು. ಆದರೆ ಕೀರ್ತಿವಂತ ನಾಯಿಯನ್ನು ಸಾಕಿದ ಮಾತ್ರಕ್ಕೆ ಒಡೆಯನ ಕರ್ತವ್ಯ ಮುಗಿಯದು. ಅದನ್ನು ತಿರುಗಾಡಿಸುವ ರೀತಿಯಲ್ಲಿ ಅವನ ಸಂಸ್ಕಾರ ವ್ಯಕ್ತವಾಗುತ್ತದೆ.

ಈ ನಾಯಿ ಮೂಗಿಗಿಂತ ಹೆಚ್ಚಾಗಿ ಕಣ್ಣನ್ನು ನಂಬಿ ಬೇಟೆಯಾಡುವ ಜಾತಿಯದು. ದೂರದಲ್ಲಿ ಮೊಲವೋ ಆಡಿನ ಮರಿಯೋ ಓಡಿದರೆ ಹಗ್ಗ ಜಗ್ಗುವುದು ಅದರ ಹುಟ್ಟುಗುಣ. ಅದಕ್ಕಾಗಿ ಹೊಡೆಯುವುದು ಅನ್ಯಾಯ. ಅದಕ್ಕೂ ಮೊದಲೇ ಕಂಡು ಹಗ್ಗವನ್ನು ಬಿಗಿಹಿಡಿಯುವುದು ಒಡೆಯನ ಹೊಣೆ. ಬೇಸಿಗೆಯ ನಡುಹಗಲಿನಲ್ಲಿ ಜಮಖಂಡಿ, ಬೀಳಗಿಗಳ ರಸ್ತೆಗಳು ಕಾದ ಹಂಚಿನಂತಿರುತ್ತವೆ. ನಮ್ಮ ಕಾಲಿಗೆ ಚಪ್ಪಲಿಯುಂಟು, ನಾಯಿಗಿಲ್ಲ. ಆದ್ದರಿಂದ ನಸುಕಿನಲ್ಲಿಯೇ ಕರೆದೊಯ್ಯೋಣ. ಅದು ನಿಂತು ಮೂಸುವಾಗ ಎಳೆಯದೆ ಕ್ಷಣಕಾಲ ಕಾಯೋಣ. ದಿನವೆಲ್ಲ ಸರಪಳಿಯಲ್ಲಿರುವ ಪ್ರಾಣಿಗೆ ಆ ಅರ್ಧ ಗಂಟೆಯೇ ಲೋಕದರ್ಶನ. ಅದನ್ನೂ ಅವಸರದಲ್ಲಿ ಕಸಿದುಕೊಳ್ಳುವುದು ಮನುಷ್ಯರಿಗೆ ಶೋಭಿಸದು.