ಪದವೀಧರರ ಬಿರುದಾವಳಿ

ಕಾಲೇಜಿನ ವಿದ್ಯಾರ್ಥಿಗಳು ಉದ್ಯೋಗಾರ್ಥವಾಗಿ ಬರೆಯುವ ಸ್ವವಿವರಪತ್ರಗಳು—ರೆಸ್ಯೂಮೆಯೆಂದು ಅವರ ವಾಡಿಕೆ—ತಿದ್ದುವುದಕ್ಕಾಗಿ ಈಚೆಗೆ ನನ್ನೆಡೆಗೆ ಬರುತ್ತಿರುವುವು. ಹತ್ತರಲ್ಲಿಯೂ ಒಂದೇ ಮಂತ್ರ: ‘ಪರಿಶ್ರಮಿ, ಪ್ರಾಮಾಣಿಕ, ಶೀಘ್ರಗ್ರಾಹಿ.’ ಅಂಗಡಿಯ ಗಣಕಯಂತ್ರದಲ್ಲಿ ಹೆಸರೊಂದನ್ನು ಬದಲಿಸಿದರೆ ತೀರಿತು!

ಹಳ್ಳಿಯ ಹುಡುಗರಿಗೆ ಬರೆಯಲು ಮತ್ತೇನಿದೆಯೆಂದು ಕೆಲವು ಬುದ್ಧಿವಂತರು ಕೇಳುತ್ತಾರೆ. ಈ ವಾದವನ್ನು ನಾನು ಸರ್ವಥಾ ಒಪ್ಪಲಾರೆ. ನಮ್ಮ ಜಕ್ಕಲಿಯ ಎರೆಹೊಲದಲ್ಲಿ ಕಡಲೆಯ ರಾಶಿಯಾಗುವಾಗ ಆಳುಗಳ ಪಗಾರ, ಚೀಲಗಳ ಎಣಿಕೆ, ಗದುಗಿನ ಪೇಟೆಯ ಧಾರಣೆ ಇವೆಲ್ಲವುಗಳ ಲೆಕ್ಕವನ್ನಿಟ್ಟ ವಾಣಿಜ್ಯವಿದ್ಯಾರ್ಥಿಯು ‘ಅನುಭವ: ಇಲ್ಲ’ ಎಂದು ಬರೆಯುವುದೇಕೆ? ತಂದೆಯ ಹೊಲವನ್ನು ಹೇಳಲು ನಾಚಿಕೆಯೆ? ಎಷ್ಟು ಎಕರೆ, ಎಷ್ಟು ಆಳು, ಎಷ್ಟು ವರುಷ ಎಂದು ಎರಡು ಸಾಲು ಬರೆದರೆ ಓದುವವನು ಅದರ ಮೇಲೆ ಪ್ರಶ್ನೆ ಕೇಳಬಲ್ಲನು, ಹುಡುಗನು ಉತ್ತರಿಸಬಲ್ಲನು. ‘ಪರಿಶ್ರಮಿ’ ಎಂಬುದಕ್ಕೆ ಪ್ರಶ್ನೆಯೇ ಹುಟ್ಟದು.

ನಮ್ಮ ಶಾಸನಗಳಲ್ಲಿಯೂ ಬಿರುದುಗಳಿಲ್ಲವೇ ಎನ್ನಬಹುದು. ಉಂಟು, ಆದರೆ ಬಿರುದಿನ ಬೆನ್ನಿಗೆ ದತ್ತಿಯ ಭೂಮಿ ಎಷ್ಟು ಮತ್ತರೆಂಬುದೂ ಕಂಡರಿಸಲ್ಪಟ್ಟಿರುತ್ತದೆ. ಅತ್ತಿಮಬ್ಬೆಯ ‘ದಾನಚಿಂತಾಮಣಿ’ ಎಂಬ ಬಿರುದು ನಿಂತಿರುವುದು ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬಸದಿಯ ಮೇಲೆ, ಬರೆಯಿಸಿದಳೆನ್ನುವ ಶಾಂತಿಪುರಾಣದ ಸಾವಿರ ಪ್ರತಿಗಳ ಮೇಲೆ.

ಬ್ಯಾಂಕಿಗೊಂದು, ಶಾಲೆಗೊಂದು ಎಂದು ಕೆಲಸವನ್ನು ನೋಡಿ ಪತ್ರವನ್ನು ಬೇರೆಬೇರೆಯಾಗಿ ಬರೆಯತಕ್ಕದ್ದು. ಒಂದು ಪುಟ ಸಾಕು. ಇನ್ನು ಜಾತಿ, ಎತ್ತರ, ತೂಕ ಇವು ವಧೂವರಾನ್ವೇಷಣೆಗೆ ಒಪ್ಪಿಯಾವು. ಆ ಸ್ಥಳವನ್ನು ಕಡಲೆಯ ರಾಶಿಗೆ ಬಿಡಲಿ.