ಕಲ್ಯಾಣದ ಎಂಜಿನಿಯರಿಂಗ್ ಶಾಲೆಗೆ ನೆರೆಹೊರೆಯ ದತ್ತಿ

ಡೊಂಬಿವಲಿಯ ಕನ್ನಡಿಗರಿಗೆ ವಿದ್ಯಾದಾನ ಹೊಸದಲ್ಲ. ಕರ್ನಾಟಕ ಸಂಘ ನಡೆಸುವ ಮಂಜುನಾಥ ವಿದ್ಯಾಲಯ ಪದವಿ ಕಾಲೇಜಿನವರೆಗೆ ಬೆಳೆದು ನಿಂತಿದೆ. ಆ ಕೊಡುಗೈ ಈಗ ಪಕ್ಕದ ಕಲ್ಯಾಣಕ್ಕೂ ಚಾಚಬೇಕು. ಮುಂಬಯಿ ವಿಶ್ವವಿದ್ಯಾಲಯ ಅಲ್ಲಿನ ತನ್ನ ಉಪಕೇಂದ್ರದಲ್ಲಿ ಎಂಜಿನಿಯರಿಂಗ್ ಮತ್ತು ಅನ್ವಯಿಕ ವಿಜ್ಞಾನಗಳ ಶಾಲೆಯೊಂದನ್ನು ನಡೆಸುತ್ತಿದೆ.

ಸರ್ಕಾರಿ ಸಂಸ್ಥೆಗೆ ಜನರೇಕೆ ಹಣ ಕೊಡಬೇಕು ಎಂದು ಕೇಳುವವರಿದ್ದಾರೆ. ಮುಂಬಯಿಯಲ್ಲಿ ತಾಂತ್ರಿಕ ಶಿಕ್ಷಣ ಬೇರೂರಿದ್ದೇ ದಾನದ ನೆಲದಲ್ಲಿ. 1887ರಲ್ಲಿ ಶುರುವಾದ ವಿಜೆಟಿಐ ತಾಂತ್ರಿಕ ಸಂಸ್ಥೆಗೆ ಬೈಕಲಾದಲ್ಲಿ ಮೊದಲ ನೆಲೆ ಸಿಕ್ಕಿದ್ದು ಗಿರಣಿ ಮಾಲೀಕ ಸರ್ ದಿನ್‌ಶಾ ಪೆಟಿಟ್ ಅವರಿಂದ. ವಿಶ್ವವಿದ್ಯಾಲಯ 1933ರಲ್ಲಿ ತೆರೆದ ರಾಸಾಯನಿಕ ತಂತ್ರಜ್ಞಾನ ವಿಭಾಗ, ಅಂದರೆ ಯುಡಿಸಿಟಿ, ಉದ್ಯಮಿಗಳ ಮತ್ತು ಹಳೆ ವಿದ್ಯಾರ್ಥಿಗಳ ಬೆಂಬಲದಲ್ಲಿ ಬೆಳೆದು 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಅತ್ತ ಹುಬ್ಬಳ್ಳಿಯಲ್ಲೂ ಕೆಎಲ್‌ಇ ಸಂಸ್ಥೆ 1947ರಲ್ಲಿ ಆರಂಭಿಸಿದ ಎಂಜಿನಿಯರಿಂಗ್ ಕಾಲೇಜು ದಾನಿ ಭೂಮರಡ್ಡಿಯವರ ಹೆಸರನ್ನೇ ಹೊತ್ತಿತು. ಧಾರವಾಡದಲ್ಲಿ ಓದಿದ ಉದ್ಯಮಿ ನಂದನ್ ನಿಲೇಕಣಿ 2023ರಲ್ಲಿ ತಾವು ಕಲಿತ ಐಐಟಿ ಬಾಂಬೆಗೆ 315 ಕೋಟಿ ರೂಪಾಯಿ ಕೊಟ್ಟರು. ಹಿಂದಿನದೂ ಸೇರಿ ಅವರ ಕೊಡುಗೆ 400 ಕೋಟಿ.

ಕಲ್ಯಾಣದ ಶಾಲೆಗೆ ಅಂಥ ಹಳೆ ವಿದ್ಯಾರ್ಥಿಗಳಿಲ್ಲ. ಇಂದು ಕಲಿತವರು ಗಳಿಸಿ, ನೆನೆದು, ಕೊಡುವಷ್ಟರಲ್ಲಿ ಹಲವು ತಂಡಗಳು ಓದು ಮುಗಿಸಿ ಹೋಗಿರುತ್ತವೆ. ಹಾಗಾಗಿ ಕೊಡಬೇಕಾದವರು ನೆರೆಯವರೇ: ಡೊಂಬಿವಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ರಾಸಾಯನಿಕ ಘಟಕಗಳು, ಠಾಣೆ-ಬೇಲಾಪುರ ಪಟ್ಟಿಯ ಕಂಪನಿಗಳು, ನವಿಮುಂಬಯಿಯ ಹೋಟೆಲ್ ಉದ್ಯಮಿಗಳು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ವ್ಯಯಿಸಲೇಬೇಕು. ಹಾಗೆ ವ್ಯಯಿಸಬಹುದಾದ ಬಾಬ್ತುಗಳಲ್ಲಿ ಶಿಕ್ಷಣವೂ ಒಂದು.

ನಮ್ಮ ಮಧ್ಯಮ ವರ್ಗ ಎಂಜಿನಿಯರಿಂಗ್ ಕಾಲೇಜಿಗೆ ದುಡ್ಡು ಸುರಿದದ್ದು ಬಹುಮಟ್ಟಿಗೆ ಸೀಟಿಗಾಗಿ. ವಸಂತದಾದಾ ಪಾಟೀಲರ ಸರ್ಕಾರ 1983ರಲ್ಲಿ ಅನುದಾನರಹಿತ ಖಾಸಗಿ ಕಾಲೇಜುಗಳಿಗೆ ಬಾಗಿಲು ತೆರೆದ ಮೇಲೆ ಈ ವ್ಯವಹಾರ ಎಷ್ಟು ಹಬ್ಬಿತೆಂದರೆ, ನಾಲ್ಕೇ ವರ್ಷದಲ್ಲಿ ಮಹಾರಾಷ್ಟ್ರ ಅದನ್ನು ತಡೆಯಲು ಕಾನೂನು ತರಬೇಕಾಯಿತು. ದತ್ತಿ ಹಾಗಲ್ಲ. ಕೊಟ್ಟವರ ಮಗನಿಗೆ ಸೀಟಾಗಲಿ, ನೇಮಕಾತಿಯಲ್ಲಿ ಮಾತಾಗಲಿ ಸಿಗಕೂಡದು.

ಕಟ್ಟಡ ಕಟ್ಟಿಸಿ ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಆಸೆಯನ್ನೂ ದಾನಿಗಳು ಬದಿಗಿಡಬೇಕು. ಯಂತ್ರ ಕೊಳ್ಳುವಾಗ ಹುಮ್ಮಸ್ಸಿರುತ್ತದೆ. ಅದು ಕೆಟ್ಟಾಗ ರಿಪೇರಿಗೆ ಯಾರೂ ಮುಂದೆ ಬರುವುದಿಲ್ಲ. ಮೂಲಧನ ಮುಟ್ಟದೆ ಬಡ್ಡಿಯಲ್ಲಿ ಪ್ರಯೋಗಶಾಲೆಯ ನಿರ್ವಹಣೆ, ತಂತ್ರಜ್ಞರ ಸಂಬಳ, ಬಡ ಮಕ್ಕಳ ಶುಲ್ಕ ನಡೆಯುವಂತೆ ನಿಧಿ ಕಟ್ಟುವುದೇ ಸರಿಯಾದ ದಾರಿ. ವಿಶ್ವವಿದ್ಯಾಲಯ ಪ್ರತಿ ವರ್ಷ ಅದರ ಲೆಕ್ಕವನ್ನು ಬಹಿರಂಗವಾಗಿ ಮುಂದಿಡಲಿ. ಜನರ ಹಣ ಬಂತೆಂದು ಸರ್ಕಾರ ತನ್ನ ಅನುದಾನದಲ್ಲಿ ಒಂದು ರೂಪಾಯಿಯನ್ನೂ ಕಡಿತ ಮಾಡಬಾರದು.

ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದೊಂದಿಗೆ ನಗರದ ಕನ್ನಡಿಗರ ಮೈಸೂರು ಅಸೋಸಿಯೇಷನ್ ದತ್ತಿ ಉಪನ್ಯಾಸಗಳನ್ನು ನಡೆಸಿಕೊಂಡು ಬಂದಿದೆ. ಸಾಹಿತ್ಯಕ್ಕೆ ಮಾಡಿದ್ದನ್ನು ಎಂಜಿನಿಯರಿಂಗಿಗೂ ಮಾಡಬಹುದು. ಠಾಣೆಯಿಂದ ಕಲ್ಯಾಣದವರೆಗಿನ ಕನ್ನಡ ಸಂಘಗಳು ಮುಂದಿನ ವಾರ್ಷಿಕ ಮಹಾಸಭೆಯಲ್ಲೇ ಈ ವಿಷಯ ಎತ್ತಿಕೊಂಡು, ಒಬ್ಬ ವಿದ್ಯಾರ್ಥಿನಿಯ ನಾಲ್ಕು ವರ್ಷದ ಶುಲ್ಕದಿಂದಲೇ ಆರಂಭಿಸಲಿ.